ಖಾಲಿ ಕಟ್

ಶಾಲೆಯಲ್ಲಿ ಮೊದಲ ರೈಲಿನ ಪಾಠ ಕೇಳಿಕೊಂಡು ಬಂದ ಮೊಮ್ಮಗಳು, ‘ಅಜ್ಜಾ, ಹಬೆ ಗಾಲೀನ ಹೆಂಗ ತಿರಗಸ್ತದ?’ ಎಂದಳು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಆ ರೈಲು ಬಂದು ನಿಂತದ್ದು ನಮ್ಮ ಥಾಣೆಯಲ್ಲೇ ಅಲ್ಲವೇ? ‘ಮಾಡಿಯೇ ತೋರಸ್ತೀನಿ’ ಎಂದುಬಿಟ್ಟೆ. ಡೋಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಮೇಜಿನ ಮೇಲೆ ಕೂರುವ ಪುಟ್ಟ ಲೇತ್ ಒಂದಿದೆ. ನಿವೃತ್ತಿಯ ಮೇಲೆ ಹಚ್ಚಿಕೊಂಡ ಚಟ. ಭಾನುವಾರ ಹತ್ತರಿಂದ ಒಂದರವರೆಗೆ ಮಾತ್ರ ಅದರ ಸದ್ದು ಎಂದು ಕೆಳಗಿನ ಮನೆಯವರೊಂದಿಗೆ ಒಪ್ಪಂದ.

ಹಬೆ ಇಂಜಿನ್ನಿನ ಪ್ರಾಣ ಇರುವುದು ಸಿಲಿಂಡರಿನಲ್ಲಿ. ನಾನು ಮಾಡಹೊರಟದ್ದು 20 ಮಿ.ಮೀ. ಒಳವ್ಯಾಸದ, 35 ಮಿ.ಮೀ. ಉದ್ದದ ಹಿತ್ತಾಳೆಯದು. ಡ್ರಿಲ್ ಕೊರೆದ ತೂತು ಪೂರ್ತಿ ನೇರವೂ ಇರುವುದಿಲ್ಲ, ಪೂರ್ತಿ ದುಂಡಗೂ ಇರುವುದಿಲ್ಲ. ಅದನ್ನು ಬೋರಿಂಗ್ ಬಾರಿನಿಂದ, ಅಂದರೆ ತುದಿಯಲ್ಲಿ ಟೂಲ್ ಇರುವ ಸರಳಿನಿಂದ, ಒಳಗೆ ಕೆರೆದು ಸರಿಪಡಿಸಬೇಕು. ಮೊದಲ ಸಿಲಿಂಡರಿನಲ್ಲಿ ಪಿಸ್ಟನ್ ನಡುದಾರಿಯಲ್ಲೇ ಸಿಕ್ಕಿಕೊಂಡಿತು. ಎರಡನೆಯದರಲ್ಲಿ ಪಿಸ್ಟನ್ ಒಳಗೇ ಹೋಗಲಿಲ್ಲ. ಇನ್ನೊಂದು ಚೂರು ಕೆರೆದೆ, ಗಲಗಲ ಅಲ್ಲಾಡತೊಡಗಿತು. ನಾಗದೇವಿ ಸ್ಟ್ರೀಟಿನಿಂದ ತಂದಿದ್ದ ಹಿತ್ತಾಳೆಯಲ್ಲಿ ಉಳಿದದ್ದು ಒಂದೇ ತುಂಡು. ಮೊಮ್ಮಗಳ ರಜೆ ಮುಗಿಯಲು ಒಂದೇ ವಾರ.

ಕೊನೆಗೆ ಪಕ್ಕದ ಬಿಲ್ಡಿಂಗಿನ ಕಾಕಾ ಅವರನ್ನು ಕರೆತಂದೆ. ಅವರು ಹರಿಹರದವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳನ್ನು ನೋಡುತ್ತಲೇ ಬೆಳೆದು, ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಟರ್ನರ್ ಆಗಿ ಸವೆದ ಕೈ ಅವರದು. ಈಗ ಆ ಕೈ ನಡುಗುತ್ತದೆ. ಅದಕ್ಕೇ ಮಷಿನ್ ಮುಟ್ಟಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೆಟ್ಟ ಎರಡೂ ಸಿಲಿಂಡರುಗಳನ್ನು ಬೆಳಕಿಗೆ ಹಿಡಿದು ನೋಡಿದರು.

‘ಬಾರು ಎಷ್ಟು ಹೊರಗ ಬಿಟ್ಟಿದ್ದೆ?’

‘60 ಮಿ.ಮೀ. ಬಾರು 8ರದ್ದು.’

‘ಅದು ಬಾರಲ್ಲ ತಮ್ಮಾ, ಗಾಳ ಹಾಕೋ ಕೋಲು.’

ಲೆಕ್ಕ ಹಾಕಿದರೆ ಅವರ ಮಾತು ನಿಜ. ಹೊರಚಾಚಿದ ಉದ್ದ ಎರಡರಷ್ಟಾದರೆ ಬಾರು ಎಂಟು ಪಟ್ಟು ಬಾಗುತ್ತದೆ. ದಪ್ಪ ಎರಡರಷ್ಟಾದರೆ ಬಾಗುವುದು ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಉಕ್ಕಿನ ಬಾರನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಗೆ ಬಿಡಬಾರದು. 12ರ ಬಾರು ಹಾಕಿ 40ಕ್ಕೆ ತಂದಾಗ ನನ್ನ ಬಾಗು ಸುಮಾರು ಹದಿನೇಳು ಪಟ್ಟು ಕಡಿಮೆಯಾಯಿತು.

ಇದು ಹಳೆಯ ತಲೆನೋವು. ಜೇಮ್ಸ್ ವ್ಯಾಟ್ 1769ರಲ್ಲೇ ಪೇಟೆಂಟ್ ಪಡೆದಿದ್ದರೂ, ಸರಿಯಾದ ಸಿಲಿಂಡರ್ ಸಿಗದೆ ಹಬೆ ಸೋರುತ್ತಿತ್ತು. 1775ರಲ್ಲಿ ಜಾನ್ ವಿಲ್ಕಿನ್ಸನ್ ಬಾರನ್ನು ಸಿಲಿಂಡರಿನ ಆಚೆಗೂ ದಾಟಿಸಿ ಎರಡೂ ತುದಿಗೆ ಆಧಾರ ಕೊಟ್ಟು ಕೊರೆದ. ಮರುವರ್ಷವೇ ವ್ಯಾಟ್‌ನ ಇಂಜಿನ್‌ಗಳು ಕೆಲಸಕ್ಕೆ ನಿಂತವು.

ಕಾಕಾ ಮತ್ತೂ ಮೂರು ಮಾತು ಹೇಳಿದರು. ಚಕ್ಕಿನ ಹಲ್ಲನ್ನು ಜೀವ ಹೋಗುವಂತೆ ಬಿಗಿಯಬೇಡ. ತೆಳುಗೋಡೆಯ ಜಾಬ್ ಚಕ್ಕಿನಲ್ಲಿ ದುಂಡಗಿದ್ದು, ಬಿಚ್ಚಿದ ಮೇಲೆ ಮೂರು ಮೂಲೆ ತೋರಿಸುತ್ತದೆ. ಬಿಸಿ ಇದ್ದಾಗ ಅಳೆಯಬೇಡ, 20 ಮಿ.ಮೀ. ಹಿತ್ತಾಳೆ ಬೋರು 30 ಡಿಗ್ರಿ ಬಿಸಿಯೇರಿದರೆ ನೂರನೇ ಒಂದು ಮಿ.ಮೀ.ಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಎರಡನೆಯ ಸಿಲಿಂಡರಿನಲ್ಲಿ ನಾನು ಮೋಸಹೋದದ್ದು ಇಲ್ಲೇ. ಒಂದು ಗಂಟೆಯ ಗಡುವಿಗೆ ಹೆದರಿ ಬಿಸಿಯಲ್ಲೇ ಅಳೆದಿದ್ದೆ.

ಮೂರನೆಯದೇ ಮುಖ್ಯ. ಡಯಲ್ ಮುಟ್ಟದೆ, ಅದೇ ಅಳತೆಯಲ್ಲಿ ಟೂಲನ್ನು ಇನ್ನೊಮ್ಮೆ ಒಳಗೆ ಓಡಿಸು. ಬಾಗಿದ ಬಾರು ಕೆರೆಯದೆ ಬಿಟ್ಟದ್ದನ್ನು ಆಗ ಕೆರೆಯುತ್ತದೆ. ಅಷ್ಟು ಮಾಡದೆ ನಾನು ಡಯಲ್ ಒಂದು ಗೆರೆ ಸರಿಸಿದ್ದೆ. ಟೂಲ್ ಹಳೇ ಬಾಕಿಯನ್ನೂ ಸೇರಿಸಿ ವಸೂಲು ಮಾಡಿತ್ತು.

‘ಖಾಲಿ ಕಟ್‌ಗೆ ಯಾವ ಸೇಠೂ ಟೈಮ್ ಕೊಡತಿರಲಿಲ್ಲ. ನಾವು ಕದ್ದು ಹೊಡೀತಿದ್ವಿ’ ಎಂದರು ಕಾಕಾ.

ಕೊನೆಯ ತುಂಡು ಏರಿಸಿದೆ. ಅವರು ಕಣ್ಣು ಮುಚ್ಚಿ ಸದ್ದು ಕೇಳುತ್ತ ಕೂತರು. ಮೊದಲ ಖಾಲಿ ಕಟ್‌ನಲ್ಲಿ ಸಣ್ಣ ಚೂರುಗಳು ಉದುರಿದವು. ಎರಡನೆಯದರಲ್ಲಿ ಬರೀ ಪುಡಿ. ಮೂರನೆಯದಕ್ಕೆ ಸದ್ದೇ ಇಲ್ಲ. ‘ಈಗ ಬಿಡು. ಚಹಾ ಕುಡಿಯೂಣು. ಅದೂ ತಣ್ಣಗಾಗಲಿ.’

ಒಂದು ಗಂಟೆ ಹೊಡೆಯಿತು, ಅಳೆದದ್ದು ಆಮೇಲೆಯೇ. ಎಣ್ಣೆ ಸವರಿದ ಪಿಸ್ಟನ್ ಒಳಗೆ ಬಿಟ್ಟು, ಸಿಲಿಂಡರಿನ ಕೆಳಬಾಯಿಗೆ ಹೆಬ್ಬೆರಳು ಒತ್ತಿದೆ. ಪಿಸ್ಟನ್ ಗಾಳಿಯ ಮೇಲೆ ತೇಲುತ್ತ, ನಿಧಾನ ಇಳಿಯಿತು. ಹಾಗೆಯೇ ಕಾಕಾನ ಕೈಗೆ ಕೊಟ್ಟೆ. ಅವರು ಕೆಳಬಾಯಿ ಮುಚ್ಚಿಕೊಂಡು ಪಿಸ್ಟನ್ ಎಳೆದರು. ‘ಟಪ್’ ಎಂದಿತು.

ಮೊಮ್ಮಗಳು ‘ಇನ್ನೊಂದ್ ಸಲ’ ಎಂದಳು. ನಡುಗುವ ಕೈಯಲ್ಲೇ ಅವರು ಅದನ್ನು ಏಳೆಂಟು ಸಲ ಎಳೆದಿರಬೇಕು.