ಮತಸುಧಾರಣೆಯೂ ಮನೆಯ ಮಾತೂ

ಒಂಬತ್ತನೆಯ ತರಗತಿಯಲ್ಲಿ ಯೂರೋಪಿನ ಮತಸುಧಾರಣೆಯ ಪಾಠವು ಬಂದಾಗಲೆಲ್ಲ ಯಾವಳಾದರೂ ಒಬ್ಬ ಹುಡುಗಿ ಎದ್ದುನಿಂತು, “ರಾಜಾನುಕುಂಟೆಯಲ್ಲಿರುವ ನಮಗೆ ಜರ್ಮನಿಯ ಜಗಳವೇತಕ್ಕಮ್ಮಾ?” ಎಂದು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ನಲವತ್ತು ನಿಮಿಷದ ಪಾಠದಲ್ಲಿ ಅದಕ್ಕೆ ತಕ್ಕ ಉತ್ತರವನ್ನು ನಾವು ಈವರೆಗೆ ಕೊಡಲಾರದೆ ಹೋದೆವು. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಆ ಬಾಕಿಯನ್ನು ತೀರಿಸಲು ಇಲ್ಲಿ ಯತ್ನಿಸುತ್ತೇವೆ.

ಮಧ್ಯಯುಗದ ಕಥೆಯನ್ನು ಪಠ್ಯಪುಸ್ತಕಗಳು ಪೋಪರಿಗೂ ಚಕ್ರವರ್ತಿಗಳಿಗೂ ನಡೆದ ಮೇಲಾಟವೆಂದು ಹೇಳುತ್ತವೆ. 1077ರ ಚಳಿಗಾಲದಲ್ಲಿ ನಾಲ್ಕನೆಯ ಹೆನ್ರಿಯು ಕನೋಸಾ ಕೋಟೆಯ ಬಾಗಿಲಲ್ಲಿ, ಏಳನೆಯ ಗ್ರೆಗರಿ ಪೋಪರ ಕ್ಷಮೆಗಾಗಿ ಮೂರು ದಿನ ಹಿಮದಲ್ಲಿ ಕಾದು ನಿಂತ ಚಿತ್ರವು ಮಕ್ಕಳಿಗೆ ಬಹಳ ಪ್ರಿಯ. ಆದರೆ ನಿಜವಾದ ಅಧಿಕಾರವು ಅಷ್ಟು ಎದ್ದು ಕಾಣದ ಸ್ಥಳದಲ್ಲಿತ್ತು. ಅದು ಲತೀನ್ ಭಾಷೆಯಲ್ಲಿತ್ತು. ದೇವಾರಾಧನೆ, ನ್ಯಾಯಶಾಸ್ತ್ರ, ವೈದ್ಯ, ಬೊಲೋನ್ಯ ಪ್ಯಾರಿಸ್ ಆಕ್ಸ್‌ಫರ್ಡ್‌ಗಳ ವಿದ್ಯಾಪೀಠ, ಸಕಲವೂ ಲತೀನಿನಲ್ಲಿಯೇ ನಡೆಯುತ್ತಿತ್ತು. ಹೊಲದಲ್ಲಿ ದುಡಿಯುವ ಹೆಂಗಸು ದೇವಾಲಯದಲ್ಲಿ ಮೊಣಕಾಲೂರಿ, ತನಗೆ ತಿಳಿಯದ ಮಾತಿಗೆ ಆಮೆನ್ ಎನ್ನುತ್ತಿದ್ದಳು. 1229ರಲ್ಲಿ ತುಲೂಸಿನಲ್ಲಿ ಕೂಡಿದ ಸಭೆಯು ಗೃಹಸ್ಥರು ಸತ್ಯವೇದವನ್ನು ಇಟ್ಟುಕೊಳ್ಳಬಾರದೆಂದು ವಿಧಿಸಿತು. ಇಂಗ್ಲಿಷಿಗೆ ಅದನ್ನು ತಿರುಗಿಸಿದ ವಿಲಿಯಂ ಟಿಂಡೇಲನನ್ನು 1536ರಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು.

ಲೂಥರನು 1517ರಲ್ಲಿ ತನ್ನ ತೊಂಬತ್ತೈದು ವಾದಗಳನ್ನು ಪ್ರಕಟಿಸಿದುದನ್ನು ಎಲ್ಲರೂ ಬಲ್ಲರು. ನಮಗೆ ಅದಕ್ಕಿಂತಲೂ ದೊಡ್ಡದಾಗಿ ತೋರುವುದು 1522ರಲ್ಲಿ ಹೊರಬಂದ ಅವನ ಜರ್ಮನ್ ಹೊಸ ಒಡಂಬಡಿಕೆ. ಜರ್ಮನ್ ಸತ್ಯವೇದಗಳಲ್ಲಿ ಅದೇ ಮೊದಲನೆಯದಲ್ಲ. 1466ರಲ್ಲಿಯೇ ಸ್ಟ್ರಾಸ್‌ಬರ್ಗಿನಲ್ಲಿ ಒಂದು ಅಚ್ಚಾಗಿತ್ತು. ಆದರೆ ಅದು ಲತೀನಿನ ನೆರಳು. ಲೂಥರನಾದರೋ ಎರಾಸ್ಮಸನು ಪ್ರಕಟಿಸಿದ್ದ ಗ್ರೀಕ್ ಮೂಲವನ್ನು ಮುಂದಿಟ್ಟುಕೊಂಡು, ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಮನುಷ್ಯ ಇವರು ಆಡುವ ಮಾತನ್ನು ಕಿವಿಗೊಟ್ಟು ಕೇಳಿ ಬರೆದನು. ಓದಲು ಬಾರದವರಿಗೆ ಪುಸ್ತಕದಿಂದೇನು? ಆದುದರಿಂದ 1524ರಲ್ಲಿ ಪಟ್ಟಣಗಳ ಅಧಿಕಾರಿಗಳಿಗೆ ಪತ್ರ ಬರೆದು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳನ್ನು ತೆರೆಯಬೇಕೆಂದು ಕೇಳಿದನು. ನಮ್ಮಂಥ ಶಾಲೆಗಳ ಒಂದು ಬೇರು ಅಲ್ಲಿಯೇ ಇದೆ.

ಆತನನ್ನು ನಾವು ಪೂಜಿಸಬೇಕಾದುದಿಲ್ಲ. 1525ರಲ್ಲಿ ರೈತರು ದಂಗೆಯೆದ್ದಾಗ ಅವನು ದೊರೆಗಳ ಪಕ್ಷವನ್ನು ವಹಿಸಿ, ಬಹು ಕ್ರೂರವಾಗಿ ಬರೆದನು. 1555ರ ಆಗ್ಸ್‌ಬರ್ಗಿನ ಒಪ್ಪಂದವು ದೊರೆಯ ಮತವೇ ಪ್ರಜೆಯ ಮತವೆಂದು ನಿರ್ಣಯಿಸಿತು. ಪೋಪರ ಕೈಯಿಂದ ಬಿಡಿಸಿಕೊಂಡ ಮನಸ್ಸಾಕ್ಷಿಯು ಹೀಗೆ ಅರಮನೆಯ ಕೈಗೆ ಬಿದ್ದಿತು.

ಇನ್ನು ನಮ್ಮ ನಾಡಿಗೆ ಬರೋಣ. ಲೂಥರನಿಗಿಂತ ಮುನ್ನೂರೈವತ್ತು ವರುಷ ಮೊದಲೇ ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರೂ ಅವರ ಸಂಗಡಿಗರೂ ದೇವರ ವಿಷಯವನ್ನು ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಆಡಿದರು. ಅಕ್ಕಮಹಾದೇವಿಯಂಥ ಸ್ತ್ರೀಯರೂ ಆಡಿದರು. ಇದನ್ನು ಕ್ರೈಸ್ತರಾದ ನಾವು ಸಂಕೋಚವಿಲ್ಲದೆ ಹೇಳಬೇಕು. ಯೂರೋಪಿಗಿದ್ದು ಕಲ್ಯಾಣಕ್ಕಿಲ್ಲದಿದ್ದುದು ಅಚ್ಚುಮೊಳೆ. ಕಲ್ಯಾಣವು ಚದರಿದ ಮೇಲೆ ವಚನಗಳು ಓಲೆಗರಿಗಳಲ್ಲಿ ಉಳಿದವು, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಹೊರಬಂದುದು 1923ರಲ್ಲಿ.

ಅಚ್ಚುಮೊಳೆಯನ್ನು ಕನ್ನಡಕ್ಕೆ ಒದಗಿಸಿದವರಲ್ಲಿ ಮಿಷನರಿಗಳು ಮುಖ್ಯರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ರವರು 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಶ್ರಮದಿಂದ ಪೂರ್ಣ ಸತ್ಯವೇದವು 1831ರ ಹೊತ್ತಿಗೆ ಕನ್ನಡದಲ್ಲಿ ದೊರೆಯಿತು. ಬಾಸೆಲ್ ಮಿಷನ್ನಿನ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದಲ್ಲದೆ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಬಂದಿತು. ಇವರಿಗೆ ಕನ್ನಡ ಕಲಿಸಿದ ಪಂಡಿತರನ್ನು ನಾವು ಮರೆತಿರುವುದು ಅನ್ಯಾಯ. ಈ ಕಾರ್ಯವು ಬ್ರಿಟಿಷರ ಆಳಿಕೆಯ ನೆರಳಿನಲ್ಲಿ ನಡೆಯಿತೆಂಬುದನ್ನೂ ಮರೆಮಾಚಲಾಗದು. ಆದರೂ ಆ ದೊರೆತನದ ಕಾಲದಲ್ಲಿಯೇ ಅವರು ಆಳುವವರ ಭಾಷೆಯನ್ನು ಹೇರದೆ, ಆಳಿಸಿಕೊಳ್ಳುವವರ ಭಾಷೆಯನ್ನು ಕಲಿತರು.

ಈಗ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪೋಷಕರ ಒತ್ತಾಯಕ್ಕೆ ಮಣಿದು ಕೆಲವು ವರುಷಗಳ ಹಿಂದೆ ಬೆಳಗಿನ ಪ್ರಾರ್ಥನೆಯನ್ನು ಪೂರ್ತಿಯಾಗಿ ಇಂಗ್ಲಿಷಿಗೆ ತಿರುಗಿಸಿದೆವು. ಕಳೆದ ಕ್ರಿಸ್ಮಸ್ ಕೂಟದಲ್ಲಿ ಒಬ್ಬ ಬಾಲಿಕೆಯು ಲೂಕನ ಎರಡನೆಯ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಒಂದೂ ತಡವರಿಸದೆ ಓದಿದಳು. ಚಪ್ಪಾಳೆಯೂ ಆಯಿತು. ಬಳಿಕ ನಾವು, “ಮ್ಯಾಂಜರ್ ಎಂದರೇನಮ್ಮಾ?” ಎಂದು ಕೇಳಿದರೆ ಹುಡುಗಿ ತಲೆತಗ್ಗಿಸಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ಅಜ್ಜಿಗೆ ನಾವೇ ಆ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿದಾಗ, ಆಕೆ ಮೊಮ್ಮಗಳ ಕಡೆ ತಿರುಗಿ, “ಗೋದ್ಲಿ ಕಣೇ, ನಮ್ ಕೊಟ್ಟಿಗೇಲಿ ಹಸು ಮೇವು ತಿನ್ನಲ್ವಾ, ಅದು” ಎಂದರು. ಕೊಟ್ಟಿಗೆಯಲ್ಲಿ ಆಡಿ ಬೆಳೆದ ಮಗುವಿಗೆ ಕ್ರಿಸ್ತನು ಹುಟ್ಟಿದ ಸ್ಥಳವು ಗೊತ್ತಿರಲಿಲ್ಲ. ಅದೇ ಅಧ್ಯಾಯವನ್ನು ಕನ್ನಡದಲ್ಲಿ ಓದೆಂದು ಕೊಟ್ಟರೆ ಒತ್ತಕ್ಷರಗಳಲ್ಲಿ ಎಡವಿದಳು. ಲತೀನನ್ನು ನಾವೇ ನಮ್ಮ ಕೈಯಾರೆ ಮತ್ತೆ ತಂದು ನಿಲ್ಲಿಸಿದ್ದೇವೆಂದು ಅಂದು ನಮಗೆ ನಾಚಿಕೆಯಾಯಿತು.

ಇಂಗ್ಲಿಷು ಬೇಡವೆಂಬುದು ನಮ್ಮ ವಾದವಲ್ಲ. ಗ್ರೀಕ್ ಹೀಬ್ರೂಗಳನ್ನು ಕಲಿಯದಿದ್ದರೆ ಲೂಥರನು ಜರ್ಮನಿನಲ್ಲಿ ಏನನ್ನೂ ಬರೆಯಲಾಗುತ್ತಿರಲಿಲ್ಲ. ನಮ್ಮ ಹುಡುಗಿಯರು ಯಲಹಂಕದ ಕಾಲೇಜಿಗೂ ಅದರಾಚೆಗೂ ಹೋಗಬೇಕು. ಅದಕ್ಕೆ ಇಂಗ್ಲಿಷು ಬೇಕೇ ಬೇಕು. ಅವರಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನವರೂ ಉಂಟು; ಅವರಿಗೂ ಕನ್ನಡವು ಬೀದಿಯ, ಸಂತೆಯ, ಸರ್ಕಾರಿ ಕಚೇರಿಯ ಭಾಷೆ. ಮಗಳಿಗೆ ಕನ್ನಡ ಬಾರದೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಪೋಷಕರನ್ನು ಕಂಡರೆ ಮಾತ್ರ ನಮಗೆ ಸಂಕಟವಾಗುತ್ತದೆ. ಅಂಥವಳು ತನ್ನ ತಾತನ ಜಮೀನಿನ ಪತ್ರವನ್ನು ಓದಿಸಿಕೊಳ್ಳಲು ಇನ್ನೊಬ್ಬರ ಮುಂದೆ ನಿಲ್ಲಬೇಕಾದೀತು.

ಬರುವ ಜೂನ್ ತಿಂಗಳಿಂದ ವಾರದಲ್ಲಿ ಮೂರು ದಿನ ಪ್ರಾರ್ಥನೆಯೂ ಸತ್ಯವೇದದ ಓದೂ ಕನ್ನಡದಲ್ಲಿ ನಡೆಯತಕ್ಕದ್ದೆಂದು ನಿಶ್ಚಯಿಸಿದ್ದೇವೆ. ಓದಿದವಳು ಅರ್ಥವನ್ನೂ ಹೇಳಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕನ್ನಡ ಸತ್ಯವೇದವೋ ಕೀರ್ತನೆಯ ಪುಸ್ತಕವೋ ಇದ್ದರೆ ಪುಸ್ತಕಭಂಡಾರಕ್ಕೆ ಕಳುಹಿಸಿಕೊಡಬೇಕಾಗಿ ಬೇಡುತ್ತೇವೆ. ಈ ಏರ್ಪಾಡಿಗೆ ಆಕ್ಷೇಪವುಳ್ಳ ಪೋಷಕರು ಶನಿವಾರ ಬೆಳಗ್ಗೆ ನಮ್ಮ ಕೊಠಡಿಗೆ ಬರಬಹುದು. ಯಾವ ಭಾಷೆಯಲ್ಲಿ ಆಕ್ಷೇಪಿಸಿದರೂ ಕೇಳುತ್ತೇವೆ.