ಒಂದೇ ಅಂಗಡಿಗೆ ಎರಡು ಗಜಕಡ್ಡಿ

ಚಿತ್ರದುರ್ಗದಲ್ಲಿ ಸಾಯಂಕಾಲವೆಂದರೆ ಕೋಟೆಯ ಬಂಡೆಗಳ ಕಾವು ಇಳಿದು, ಜೋಗಿಮಟ್ಟಿಯ ಕಡೆಯಿಂದ ಗಾಳಿ ಬೀಸತೊಡಗುವ ಹೊತ್ತು. ಮಂಡಕ್ಕಿ ಅಂಗಡಿಗಳ ಬಾಣಲೆಯಲ್ಲಿ ಮೆಣಸಿನಕಾಯಿ ಸದ್ದುಮಾಡುವುದೂ ಆ ಹೊತ್ತಿನಲ್ಲಿಯೇ. ಅಂತಹ ಅಂಗಡಿಯೊಂದರ ಮುಂದಿನ ಬೆಂಚಿನ ಮೇಲೆ ನಾಲ್ಕು ಮಂದಿ ಕುಳಿತರೆಂದರೆ, ಕರ್ನಾಟಕದ ಕ್ರಿಕೆಟ್ ತಂಡಕ್ಕೆ ಇನ್ನೊಂದು ಆಯ್ಕೆ ಸಮಿತಿ ಏರ್ಪಟ್ಟಿತೆಂದೇ ತಿಳಿಯಬೇಕು. ಈ ಸಮಿತಿಗೆ ಅಧ್ಯಕ್ಷರಿಲ್ಲ, ಪ್ರಯಾಣ ಭತ್ಯೆಯಿಲ್ಲ, ನಡವಳಿಯ ಪುಸ್ತಕವೂ ಇಲ್ಲ. ಆದರೂ ಇದರ ಸದಸ್ಯರು ಒಂದು ಸಭೆಗಾದರೂ ಗೈರುಹಾಜರಾದವರಲ್ಲ.

ಸದಸ್ಯರಲ್ಲಿ ಹಿರಿಯರು ನಿವೃತ್ತರಾದ ಮೇಷ್ಟರು. ಎಪ್ಪತ್ತು ದಾಟಿದ್ದರೂ ನೆನಪು ಮಾಸಿಲ್ಲ. ಎರಡನೆಯವರು ಜವಳಿ ಅಂಗಡಿಯ ಯಜಮಾನರು. ಮೂರನೆಯವರು ಹೊಳಲ್ಕೆರೆಯಿಂದ ದಿನವೂ ಬಂದು ಹೋಗುವ ಗುಮಾಸ್ತರು. ಬಸ್ಸಿನ ವೇಳೆಗೆ ಸರಿಯಾಗಿ ಇವರ ವಾದ ಮುಗಿಯಬೇಕು. ನಾಲ್ಕನೆಯವನು ಕಾಲೇಜಿನ ಹುಡುಗ. ಇವನ ಅಂಗೈಯ ಮೊಬೈಲಿನಲ್ಲಿ ಜಗತ್ತಿನ ಅಂಕಿಸಂಖ್ಯೆಗಳೆಲ್ಲ ಇರುವುದರಿಂದ, ಉಳಿದ ಮೂವರಿಗೂ ಇವನ ಮೇಲೆ ಸ್ವಲ್ಪ ಗೌರವ, ಸ್ವಲ್ಪ ಗುಮಾನಿ.

ಅಭಿಮಾನಿಗಳ ಚರ್ಚೆ ಎಲ್ಲಿ ನಡೆದರೂ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ. ಯಾರ ಆಟ ಈಗ ಕುದುರಿದೆ? ಯಾರಿಗೆ ಗಾಯವಾಗಿದೆ? ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು? ಮೂರನ್ನೂ ಬಿಡಿಬಿಡಿಯಾಗಿ ಕೇಳಿದರೆ ಉತ್ತರ ಸುಲಭ. ಮೂರೂ ಒಟ್ಟಿಗೆ ಬಂದಾಗಲೇ ಬೆಂಚು ಇಬ್ಭಾಗವಾಗುವುದು. ಗಾಯಗೊಂಡವನ ಜಾಗಕ್ಕೆ ಬಂದವನು ಚೆನ್ನಾಗಿ ಆಡಿಬಿಟ್ಟರೆ, ಮೊದಲಿನವನು ಗುಣವಾಗಿ ಹಿಂತಿರುಗಿದಾಗ ಆ ಜಾಗ ಯಾರದು?

ಈ ಪ್ರಶ್ನೆಗೆ ಕರುಣ್ ನಾಯರರದು ಎಲ್ಲರಿಗೂ ತಿಳಿದ ಉದಾಹರಣೆ. ೨೦೧೬ರ ನವೆಂಬರಿನಲ್ಲಿ ಮೊಹಾಲಿಯಲ್ಲಿ ಅವರಿಗೆ ಮೊದಲ ಟೆಸ್ಟ್ ದೊರೆತದ್ದೇ ಕೆ. ಎಲ್. ರಾಹುಲರಿಗೆ ಗಾಯವಾದುದರಿಂದ. ಮುಂದೆ ಅಜಿಂಕ್ಯ ರಹಾನೆಯವರ ಬೆರಳಿಗೆ ಪೆಟ್ಟು ಬಿದ್ದುದರಿಂದ ಅವರು ತಂಡದಲ್ಲಿ ಉಳಿದರು. ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ ೩೦೩ ರನ್ ಹೊಡೆದರು. ವೀರೇಂದ್ರ ಸೆಹ್ವಾಗರನ್ನು ಬಿಟ್ಟರೆ ಅಲ್ಲಿಯವರೆಗೆ ಬೇರಾವ ಭಾರತೀಯನೂ ಟೆಸ್ಟಿನಲ್ಲಿ ಮುನ್ನೂರು ಮುಟ್ಟಿರಲಿಲ್ಲ. ಭಾರತದ ಮುಂದಿನ ಟೆಸ್ಟ್ ನಡೆದದ್ದು ೨೦೧೭ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ, ಬಾಂಗ್ಲಾದೇಶದ ಎದುರು. ರಹಾನೆಯವರು ಗುಣವಾಗಿ ಬಂದಿದ್ದರು. ಹನ್ನೊಂದು ಮಂದಿಯಲ್ಲಿ ಕರುಣರ ಹೆಸರಿರಲಿಲ್ಲ.

"ಮುನ್ನೂರು ಹೊಡೆದವನನ್ನು ಮರುಪಂದ್ಯಕ್ಕೇ ಕೂರಿಸುವುದು ಯಾವ ನ್ಯಾಯ, ಮೇಷ್ಟರೇ?" ಎಂದು ಹುಡುಗ ಇಂದಿಗೂ ನಿನ್ನೆಯ ಸಂಗತಿಯೆಂಬಂತೆ ಕುದಿಯುತ್ತಾನೆ.

ಉತ್ತರ ಕೊಡುವವರು ಗುಮಾಸ್ತರು. "ತಮ್ಮಾ, ನಮ್ಮ ಕಚೇರಿಯಲ್ಲಿ ಒಬ್ಬರು ಕಾಯಿಲೆಯ ರಜೆಯ ಮೇಲೆ ಹೋದರು ಅನ್ನು. ಅವರ ಕುರ್ಚಿಗೆ ಇನ್ನೊಬ್ಬರನ್ನು ಹಾಕಿದರು. ಅವರು ಚೆನ್ನಾಗಿಯೇ ಕೆಲಸ ಮಾಡಿದರು. ಹಾಗೆಂದು ರಜೆ ಮುಗಿಸಿ ಬಂದವರಿಗೆ 'ನಿಮ್ಮ ಕುರ್ಚಿ ಹೋಯಿತು' ಎನ್ನಲಿಕ್ಕಾಗುತ್ತದೆಯೇ? ಬೆರಳು ಮುರಿದದ್ದು ರಹಾನೆಯ ತಪ್ಪೇ? ಎರಡು ವರ್ಷ ಅವನು ದುಡಿದದ್ದು ಎಲ್ಲಿಗೆ ಹೋಗಬೇಕು?"

ಅಂದಿನ ನಾಯಕ ವಿರಾಟ್ ಕೊಹ್ಲಿಯವರು ಹೇಳಿದ್ದೂ ಸರಿಸುಮಾರು ಇದನ್ನೇ. ಒಬ್ಬರ ಒಂದು ಪಂದ್ಯದ ಸಾಧನೆಯಿಂದ ಇನ್ನೊಬ್ಬರ ಎರಡು ವರ್ಷಗಳ ಶ್ರಮವನ್ನು ಅಳಿಸಲಾಗದೆಂಬುದು ಅವರ ನಿಲುವು. ಆ ಮಾತಿನಲ್ಲಿ ನ್ಯಾಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಅದೇ ಮಾರ್ಚಿಯಲ್ಲಿ ಆಸ್ಟ್ರೇಲಿಯದ ಎದುರು ಸಿಕ್ಕ ಅವಕಾಶಗಳಲ್ಲಿ ಕರುಣರ ಬ್ಯಾಟಿನಿಂದ ದೊಡ್ಡ ಮೊತ್ತ ಬರಲಿಲ್ಲ. ಆ ಬಳಿಕ ಬಾಗಿಲು ಮುಚ್ಚಿತು. ಮುಂದೆ ಕರ್ನಾಟಕದ ತಂಡದಿಂದಲೂ ಹೊರಗಾದ ಅವರು ೨೦೨೩ರಲ್ಲಿ ವಿದರ್ಭಕ್ಕೆ ಹೋದರು. ೨೦೨೪-೨೫ರಲ್ಲಿ ವಿದರ್ಭ ರಣಜಿ ಪಾರಿತೋಷಕವನ್ನು ಗೆದ್ದಾಗ ಅಂತಿಮ ಪಂದ್ಯದಲ್ಲಿ ಅವರದೊಂದು ಶತಕವಿತ್ತು. ೨೦೨೫ರ ಜೂನಿನಲ್ಲಿ, ಎಂಟು ವರ್ಷಗಳ ತರುವಾಯ, ಇಂಗ್ಲೆಂಡಿನ ನೆಲದಲ್ಲಿ ಮತ್ತೆ ಟೆಸ್ಟ್ ಆಡಿದರು. ಓವಲಿನಲ್ಲಿ ಹೊಡೆದ ೫೭ ರನ್ನೇ ಆ ಸರಣಿಯಲ್ಲಿ ಅವರ ದೊಡ್ಡ ಆಟ. ಅನಂತರದ ವೆಸ್ಟ್ ಇಂಡೀಸ್ ಸರಣಿಗೆ ಅವರನ್ನು ಆರಿಸಲಿಲ್ಲ.

"ಎಂಟು ವರ್ಷ ಕಾಯಿಸಿ, ಒಂದು ಸರಣಿಯಲ್ಲಿ ತೀರ್ಪು ಹೇಳಿದರು" ಎಂದು ಹುಡುಗ ನಿಟ್ಟುಸಿರು ಬಿಡುತ್ತಾನೆ.

ಇಲ್ಲಿಯವರೆಗೆ ಸುಮ್ಮನಿದ್ದು ಮಂಡಕ್ಕಿ ತಿನ್ನುತ್ತಿದ್ದ ಜವಳಿ ಯಜಮಾನರು ಬಾಯಿ ತೆರೆಯುವುದು ಈಗ. ಅವರ ಪಕ್ಷ ಬೇರೆ. ಅದು ದಾವಣಗೆರೆಯ ಪಕ್ಷ. ಆರ್. ವಿನಯ್ ಕುಮಾರರ ಮಾತೆತ್ತಿದರೆ ಅವರ ದನಿಯೇ ಬದಲಾಗುತ್ತದೆ. ೧೯೮೪ರ ಫೆಬ್ರವರಿಯಲ್ಲಿ ವಿನಯರು ಹುಟ್ಟಿದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೆ ಸೇರಿದ ಊರು. ಅದು ತಾನೇ ಒಂದು ಜಿಲ್ಲೆಯಾದದ್ದು ೧೯೯೭ರ ಆಗಸ್ಟಿನಲ್ಲಿ. "ಹುಟ್ಟಿದಾಗ ನಮ್ಮ ಜಿಲ್ಲೆಯವನೇ ಅಪ್ಪಾ, ದಾಖಲೆ ತೆಗೆದು ನೋಡು" ಎಂಬುದು ಯಜಮಾನರ ಖಾಯಂ ಪೀಠಿಕೆ. ಬೆಂಗಳೂರು, ಮೈಸೂರುಗಳ ದೊಡ್ಡ ಕ್ಲಬ್ಬುಗಳ ಮಧ್ಯದಿಂದ ಆಟಗಾರರು ಬರುವುದು ರೂಢಿಯಾಗಿದ್ದ ತಂಡದಲ್ಲಿ, ಬಯಲುಸೀಮೆಯ ಒಬ್ಬ ಹುಡುಗ ೨೦೦೪ರ ಋತುವಿನಲ್ಲಿ ಚೆಂಡು ಹಿಡಿದು ನಿಂತದ್ದು ಇಲ್ಲಿಯ ಜನಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅವರನ್ನು 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆದದ್ದು ನಾಡಿಗೆಲ್ಲ ಅಡ್ಡಹೆಸರು. ಈ ಸೀಮೆಯವರಿಗೆ ಅದು ಊರಿನ ಹೆಸರು.

ಆದರೆ ಯಜಮಾನರ ಅಭಿಮಾನದೊಳಗೆ ಒಂದು ಮುಳ್ಳಿದೆ. ೨೦೧೩ರ ನವೆಂಬರ್ ೨ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯದೊಡನೆ ಒಂದು ದಿನದ ಪಂದ್ಯ. ರೋಹಿತ್ ಶರ್ಮರು ೨೦೯ ರನ್ ಹೊಡೆದು ಭಾರತ ಗೆದ್ದ ಪಂದ್ಯ ಅದು. ಅದೇ ಪಂದ್ಯದಲ್ಲಿ, ತಮ್ಮದೇ ರಾಜ್ಯದ ಮೈದಾನದಲ್ಲಿ, ವಿನಯರು ೯ ಓವರುಗಳಲ್ಲಿ ೧೦೨ ರನ್ ಕೊಟ್ಟರು. ಭಾರತದ ಪರವಾಗಿ ಅವರು ಆಡಿದ ಕೊನೆಯ ಪಂದ್ಯವೂ ಅದೇ ಆಯಿತು.

"ಆ ರಾತ್ರಿ ಇದೇ ಬೆಂಚಿನ ಮೇಲೆ ನಾನು ಏನಂದೆ ಗೊತ್ತೇ?" ಎಂದು ಯಜಮಾನರು ಕೇಳುತ್ತಾರೆ. ಎಲ್ಲರಿಗೂ ಗೊತ್ತು; ಆದರೂ ಯಾರೂ ಹೇಳುವುದಿಲ್ಲ. "ಇವನು ಇನ್ನು ಊರಿಗೆ ಬಂದು ಬೆಣ್ಣೆದೋಸೆ ಹುಯ್ಯಲಿ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಂಟೊಂಬತ್ತು ವರ್ಷ ನಮ್ಮವನು ನಮ್ಮವನು ಎಂದು ಹೇಳಿಕೊಂಡು ತಿರುಗಿದವನು ಒಂಬತ್ತು ಓವರಿಗೆ ಅವನನ್ನು ಬಿಟ್ಟುಕೊಟ್ಟೆ."

ಮೂರೇ ತಿಂಗಳಲ್ಲಿ, ೨೦೧೪ರ ಫೆಬ್ರವರಿಯ ಆರಂಭದಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಹದಿನೈದು ವರ್ಷಗಳ ಬಳಿಕ ರಣಜಿ ಪಾರಿತೋಷಕವನ್ನು ಎತ್ತಿತು. ನಾಯಕರು ವಿನಯ್ ಕುಮಾರರೇ. ಮರುವರ್ಷದ ಮಾರ್ಚಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ಎದುರು ಅಂತಿಮ ಪಂದ್ಯ. ವಿನಯರು ೩೪ ರನ್ನಿಗೆ ೫ ವಿಕೆಟ್ ಕಿತ್ತರು. ತಮಿಳುನಾಡು ೧೩೪ಕ್ಕೆ ಮುಗಿಯಿತು. ಕರ್ನಾಟಕವೂ ೮೪ ರನ್ನಿಗೆ ೫ ವಿಕೆಟ್ ಕಳೆದುಕೊಂಡು ತತ್ತರಿಸಿದಾಗ, ಆರಂಭದಲ್ಲಿಯೇ ಗಾಯಗೊಂಡು ಮೈದಾನದಿಂದ ಹೊರನಡೆದಿದ್ದ ರಾಹುಲರು ಮರಳಿ ಬಂದರು. ಅವರೂ ಕರುಣ್ ನಾಯರರೂ ಸೇರಿ ೩೮೬ ರನ್ ಕೂಡಿಸಿದರು. ರಾಹುಲರದು ೧೮೮, ಕರುಣರದು ೩೨೮. ಅವರ ಹಿಂದೆಯೇ ನಾಯಕರು ಔಟಾಗದೆ ೧೦೫ ಹೊಡೆದರು. ಮೊತ್ತ ೭೬೨ಕ್ಕೆ ಏರಿ, ಗೆಲುವು ಒಂದು ಇನಿಂಗ್ಸ್ ಮತ್ತು ೨೧೭ ರನ್ನುಗಳಿಂದ ಬಂದಿತು.

ಆ ದಿನ ಯಜಮಾನರು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸಿಹಿ ಹಂಚಿದರೆಂಬುದು ನಿಜ. "ಹಂಚಿದೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಅವನು ನನ್ನ ಎದುರಿಗಿರಲಿಲ್ಲವಲ್ಲ" ಎಂದು ಅವರು ಕಾಗದದ ಪೊಟ್ಟಣವನ್ನು ಮಡಚಿ ಮಡಚಿ ಚಿಕ್ಕದುಮಾಡುತ್ತಾರೆ.

ಮೇಷ್ಟರು ಈಗ ಕನ್ನಡಕವನ್ನು ಒರೆಸಿಕೊಳ್ಳುತ್ತಾರೆ. ಅದು ತೀರ್ಪಿನ ಮುನ್ಸೂಚನೆ.

"ನೋಡಿ, ಕರುಣನ ಒಂದು ಪಂದ್ಯ ಮುನ್ನೂರು ರನ್ನಿನದು. ಅಲ್ಲಿ ನಾವು, ಒಂದು ಪಂದ್ಯ ಸಾಲದು, ವರ್ಷಗಟ್ಟಲೆಯ ದುಡಿಮೆ ನೋಡಬೇಕು ಅಂದೆವು. ವಿನಯನದು ವರ್ಷಗಟ್ಟಲೆಯ ದುಡಿಮೆ. ಅಲ್ಲಿ ನಾವು, ಅದನ್ನೆಲ್ಲ ಬಿಡಿ, ಒಂದು ದಿನದ ಒಂಬತ್ತು ಓವರ್ ನೋಡಿ ಅಂದೆವು. ಯಜಮಾನರೇ, ನೀವು ಬಟ್ಟೆ ಕೊಳ್ಳುವಾಗ ಒಂದು ಗಜಕಡ್ಡಿ, ಮಾರುವಾಗ ಇನ್ನೊಂದು ಗಜಕಡ್ಡಿ ಇಟ್ಟುಕೊಂಡರೆ ಜನ ಏನನ್ನುತ್ತಾರೆ?"

"ಕಳ್ಳ ಅನ್ನುತ್ತಾರೆ" ಎಂದು ಯಜಮಾನರು ಕೂಡಲೇ ಒಪ್ಪಿಕೊಂಡರು.

ಸಮಿತಿಗಳ ಕಷ್ಟ ಸಮಿತಿಗಳಿಗೆ. ಅವರು ನಾಳೆಯ ಪಂದ್ಯಕ್ಕೆ ಹನ್ನೊಂದು ಹೆಸರನ್ನು ಬರೆಯಲೇಬೇಕು. ಹನ್ನೆರಡನೆಯವನಿಗೆ ಅನ್ಯಾಯವಾಗದೆ ಅದು ಸಾಧ್ಯವಿಲ್ಲ. ಅಭಿಮಾನಿಗೆ ಆ ಅವಸರವಿಲ್ಲ. ಅವನು ಯಾರನ್ನೂ ಆರಿಸಬೇಕಾಗಿಲ್ಲ, ಯಾರನ್ನೂ ಬಿಡಬೇಕಾಗಿಲ್ಲ. ಅವನ ಕೈಯಲ್ಲಿರುವುದು ನೆನಪೊಂದೇ. ಅದನ್ನಾದರೂ ಸರಿಯಾಗಿ ಇಟ್ಟುಕೊಳ್ಳದಿದ್ದರೆ ಅಭಿಮಾನವೆಂಬ ಮಾತಿಗೆ ಅರ್ಥವೇನು?

ಮೇಷ್ಟರ ನೆನಪಿಗಂತೂ ತುಕ್ಕು ಹಿಡಿದಿಲ್ಲ. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ಈ ತಂಡ ೧೯೪೧-೪೨ರಲ್ಲಿ ಒಮ್ಮೆ, ೧೯೫೯-೬೦ರಲ್ಲಿ ಇನ್ನೊಮ್ಮೆ ಅಂತಿಮ ಪಂದ್ಯವನ್ನು ಮುಟ್ಟಿ, ಎರಡು ಸಲವೂ ಬೊಂಬಾಯಿಗೆ ಸೋತಿತ್ತು. ೧೯೫೮-೫೯ರಿಂದ ಬೊಂಬಾಯಿ ಸತತವಾಗಿ ಹದಿನೈದು ಸಲ ಗೆದ್ದಿತ್ತು. ಕೊನೆಗೆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಋತುವಿನಲ್ಲಿಯೇ, ೧೯೭೪ರ ಮಾರ್ಚಿಯಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ಆ ಸರಪಳಿ ಕಡಿಯಿತು. ವಿಶ್ವನಾಥರು ೧೬೨, ಬ್ರಿಜೇಶ್ ಪಟೇಲರು ೧೦೬. ಪ್ರಸನ್ನರ ಚೆಂಡಿಗೆ ಗಾವಸ್ಕರರ ವಿಕೆಟ್ ಉರುಳಿತು. ವಾಡೇಕರರು ರನ್ ಔಟಾದರು. ೩೮೫ಕ್ಕೆ ಉತ್ತರವಾಗಿ ಬೊಂಬಾಯಿ ಗಳಿಸಿದ್ದು ೩೦೭. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಪಾರಿತೋಷಕ. ೨೦೧೫ರ ವೇಳೆಗೆ ಅವು ಎಂಟಾದವು.

"ಗೆದ್ದದ್ದನ್ನು ಮಾತ್ರ ನೆನಪಿಟ್ಟರೆ ಸಾಲದು" ಎಂದು ಮೇಷ್ಟರು ಮುಂದುವರಿಸುತ್ತಾರೆ. "೨೦೧೦ರ ಜನವರಿಯಲ್ಲಿ ಮೈಸೂರಿನಲ್ಲಿ ೩೩೮ ಬೇಕಾಗಿತ್ತು. ಮನೀಷ್ ಪಾಂಡೆ ೧೪೪ ಹೊಡೆದ. ಮುಂಬಯಿಗೆ ಆರೇ ರನ್ನುಗಳಿಂದ ಸೋತೆವು. ೨೦೧೭ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಅದೇ ಮುಂಬಯಿಯ ಎದುರು ವಿನಯ ಹ್ಯಾಟ್ರಿಕ್ ಮಾಡಿ, ೩೪ಕ್ಕೆ ೬ ತೆಗೆದ. ಆಗ ಅವನಿಗೆ ಮೂವತ್ತಮೂರು ವಯಸ್ಸು. ಅದೇ ತಿಂಗಳು ಕೋಲ್ಕತ್ತದಲ್ಲಿ ವಿದರ್ಭಕ್ಕೆ ಐದು ರನ್ನುಗಳಿಂದ ಸೋತೆವು. ಇದನ್ನೂ ಇಟ್ಟುಕೊಳ್ಳಬೇಕು, ಅದನ್ನೂ ಇಟ್ಟುಕೊಳ್ಳಬೇಕು."

ವಿನಯರು ೨೦೧೯ರಲ್ಲಿ ಪುದುಚೇರಿಯ ತಂಡಕ್ಕೆ ಹೋದರು. ೨೦೨೧ರ ಫೆಬ್ರವರಿಯಲ್ಲಿ ಆಟಕ್ಕೆ ವಿದಾಯ ಹೇಳಿದರು. ಪ್ರಥಮ ದರ್ಜೆಯ ೧೩೯ ಪಂದ್ಯಗಳಲ್ಲಿ ಅವರು ಕಿತ್ತ ವಿಕೆಟುಗಳು ೫೦೪. ಹುಡುಗ ಈ ಸಂಖ್ಯೆಯನ್ನು ಮೊಬೈಲಿನಲ್ಲಿ ತೋರಿಸಿದಾಗ, ಯಜಮಾನರು ಅದನ್ನು ನೋಡುವುದಿಲ್ಲ. ಅವರಿಗೆ ಬಾಯಿಪಾಠವಾಗಿದೆ.

ಗುಮಾಸ್ತರಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಅದೆಲ್ಲ ಸರಿ. ಗಾಯವಾದವನ ಜಾಗದ ಮಾತು ಏನಾಯಿತು? ಬದಲಿಗೆ ಬಂದವನಿಗೆ ಕೊನೆಗೆ ಏನು ಸಿಗಬೇಕು?"

ಈ ಸಲ ಉತ್ತರ ಬಂದದ್ದು ಬೆಂಚಿನಿಂದಲ್ಲ, ಬಾಣಲೆಯ ಹಿಂದಿನಿಂದ. ಅಂಗಡಿಯ ಅಮ್ಮನವರು ಜಾಲರಿಯಿಂದ ಮೆಣಸಿನಕಾಯಿ ಎತ್ತುತ್ತ, "ಅಲ್ಲ ಸ್ವಾಮಿ, ಆವಾಗಿನಿಂದ ಕೇಳುತ್ತಿದ್ದೇನೆ. ನಮ್ಮ ಓಬವ್ವನನ್ನು ಯಾವ ಸಮಿತಿ ಆರಿಸಿತ್ತು? ಕಾವಲಿನ ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಹೋದವಳು ಹೈದರನ ದಂಡು ಕಿಂಡಿಯಲ್ಲಿ ನುಸುಳುವುದನ್ನು ಕಂಡಳು. ಒನಕೆ ಹಿಡಿದು ನಿಂತಳು. ಬದಲಿಗೆ ನಿಂತವಳೇ ತಾನೇ ಅವಳು? ಪಹರೆಯ ಕೆಲಸ ಗಂಡನದೇ, ಇಲ್ಲವೆಂದವರು ಯಾರು? ಆದರೆ ನೀವು ಆಟದ ಬಯಲಿಗೆ ಇಟ್ಟಿರುವುದು ಯಾರ ಹೆಸರನ್ನು?" ಎಂದರು.

ಊರಿನ ಕ್ರೀಡಾಂಗಣಕ್ಕೆ ಇರುವುದು ವೀರವನಿತೆ ಒನಕೆ ಓಬವ್ವನ ಹೆಸರು. ಆ ಬಯಲಿನಲ್ಲಿ ಆಡಿ ಬೆಳೆದ ಹುಡುಗನಿಗೂ, ದಿನವೂ ಅದರ ಮುಂದೆ ಹಾದುಹೋಗುವ ಗುಮಾಸ್ತರಿಗೂ ಈ ಮಾತು ಅದುವರೆಗೆ ಹೊಳೆದಿರಲಿಲ್ಲ. ಕುರ್ಚಿ ಯಾರದೋ ಆಗಲಿ, ಹೆಸರನ್ನು ಉಳಿಸುವ ಅಧಿಕಾರ ಜನರದು.

ಸಭೆ ಅಲ್ಲಿಗೆ ಮುಗಿಯಿತು. ಹೊಳಲ್ಕೆರೆಯ ಬಸ್ಸಿಗೆ ವೇಳೆಯಾಗಿತ್ತು. ಎಲ್ಲರ ಮಂಡಕ್ಕಿಯ ಹಣವನ್ನೂ ಯಜಮಾನರೇ ಕೊಟ್ಟರು. ಕಾರಣವನ್ನು ಯಾರೂ ಕೇಳಲಿಲ್ಲ.