ಯಾತ್ರೆಯಿಂದ ಬಂದೋರ ಮನೆಗೆ ಊಟಕ್ಕಲ್ಲ, ಮಾತಿಗೆ ಹೋಗೋಣ

ಈ ಸಲ ಗೊಬ್ಬರ, ಬೋರ್‌ವೆಲ್ ವಿಚಾರ ಬರೀತಾ ಇಲ್ಲ. ರಾಗಿ, ಕಡ್ಲೆಕಾಯಿ ಎಲ್ಲಾ ಮನೆಗೆ ಸೇರಿಸಿ, ಸಂಕ್ರಾಂತಿ ಕಳೆದ ಮೇಲೆ ನಾವು ಗಂಡ ಹೆಂಡ್ತಿ ಪ್ರಯಾಗ, ಕಾಶಿ, ಗಯಾ ನೋಡ್ಕೊಂಡು, ಅಲ್ಲಿನ ಗಂಗೆ ನೀರನ್ನ ರಾಮೇಶ್ವರಕ್ಕೂ ಮುಟ್ಟಿಸಿ, 22 ದಿನ ಆದ್ಮೇಲೆ ಊರಿಗೆ ಬಂದ್ವಿ. ಬಂದು ಹದಿನೈದು ದಿನ ಆಯ್ತು. ಈ ಹದಿನೈದು ದಿನದಲ್ಲಿ ನಮ್ಮ ಜಗಲಿ ಖಾಲಿ ಇದ್ದ ಸಂಜೆ ಒಂದೂ ಇಲ್ಲ. ಯಾತ್ರೆಯಷ್ಟೇ ಸಂತೋಷ ಇದರಲ್ಲೂ ಸಿಕ್ಕಿತು ಅಂದ್ರೆ ನೀವು ನಗಬಹುದು, ಆದ್ರೂ ಅದೇ ನಿಜ. ಅದರ ಮೇಲೆ ನನ್ನದೊಂದು ಅಭಿಪ್ರಾಯ ಇದೆ, ಹೇಳ್ತೀನಿ.

ನಮ್ಮ ಪಾವಗಡ, ಮಧುಗಿರಿ ಕಡೆ ತೆಲುಗಿನೋರು ಹೇಳೋ ಮಾತೊಂದಿದೆ. ಕಾಶಿಗೆ ಹೋದೋನೂ ಕಾಟಿಗೆ ಹೋದೋನೂ ಒಂದೇ ಅಂತ. ಕಾಟಿ ಅಂದ್ರೆ ಸ್ಮಶಾನ. ನಡ್ಕೊಂಡೇ ಹೋಗ್ಬೇಕಿದ್ದ ಕಾಲದ ಮಾತದು. ಹೋದೋರು ತಿರುಗಿ ಬರ್ತಾರೆ ಅನ್ನೋ ಖಾತ್ರಿ ಇರ್ಲಿಲ್ಲ. ಬಂದ್ರೆ ಊರೇ ನೋಡೋಕೆ ಬರ್ತಿತ್ತು. ಗಂಗೆ ಪೂಜೆ ಮಾಡಿ, ಬಂದೋರಿಗೆ ಎಲೆ ಹಾಕ್ತಿದ್ರು. ಕಾಶಿ ಸಮಾರಾಧನೆಗೆ ಇರೋ ಅರ್ಥ ಅದು. ಈಗ ಕಾಲ ಬೇರೆ. 2022ರ ನವೆಂಬರ್ 11ರಂದು ಬೆಂಗಳೂರಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲೇ ಶುರುವಾಯ್ತು. ಆಗ 8 ದಿನದ ಯಾತ್ರೆಗೆ 20,000 ರೂಪಾಯಿ, ಅದರಲ್ಲಿ 5,000 ರಾಜ್ಯ ಸರ್ಕಾರದ ಸಹಾಯಧನ. ಅಂದ್ರೆ ನಮ್ಮಂಥ ಸಣ್ಣ ರೈತರಿಗೂ ಕಾಶಿ ಹತ್ರ ಆಗಿದೆ.

ಇಷ್ಟು ಸಲೀಸಾದ್ರೂ ಜನ ಬರೋದು ಬಿಟ್ಟಿಲ್ಲ. ಮೊದಲನೇ ದಿನ ಬಂದೋನು ಪಕ್ಕದ ಹೊಲದ ತಮ್ಮ. ನಾವಿಲ್ಲದಾಗ ಎರಡು ಹಸು ಹಾಲು ಕರೆದು ಡೈರಿಗೆ ಹಾಕಿದ್ದು ಅವನೇ. "ಅಣ್ಣ, ಕೆಂಪಿ ನಾಲ್ಕು ದಿನ ಮೇವೇ ಮುಟ್ಟಲಿಲ್ಲ, ಅತ್ತಿಗೆನ ಹುಡುಕ್ತಿತ್ತು" ಅಂದ. ನಮ್ಮೋಳು ಕಣ್ಣು ಒರೆಸ್ಕೊಂಡ್ಲು. ಶಿರಾದಿಂದ ತಂಗಿ ಹೋಳಿಗೆ ಕಟ್ಕೊಂಡು ಬಂದ್ಲು. ಭಾವ ಬಂದೋನೇ "ಏನ್ ಬಿಟ್ಟು ಬಂದೆ?" ಅಂದ. ಯಾತ್ರೆಗೆ ಹೋದೋರು ಇಷ್ಟವಾದ ಒಂದು ಹಣ್ಣೋ ತರಕಾರಿಯೋ ಬಿಡಬೇಕಲ್ಲ, ನಾನು ಪಡವಲಕಾಯಿ ಬಿಟ್ಟೆ ಅಂದೆ. "ಅದನ್ನ ನೀನು ತಿಂದಿದ್ದು ಯಾವತ್ತಯ್ಯಾ?" ಅಂತ ಮನೆ ಮಂದಿಯೆಲ್ಲಾ ನಕ್ಕಿದ್ದೇ ನಕ್ಕಿದ್ದು.

ಬಂದ ರೈತರಿಗೆ ಗುಡಿ ಗೋಪುರಕ್ಕಿಂತ ಅಲ್ಲಿನ ಮಣ್ಣಿನ ಚಿಂತೆ. ನೀರೆಷ್ಟು ಆಳ, ಏನು ಬೆಳೀತಾರೆ, ಎಮ್ಮೆ ಹೇಗಿವೆ? ರೈಲಿನ ಎರಡೂ ಕಡೆ ಹಸಿರು ಗೋಧಿ, ಹಳದಿ ಹೂ ಬಿಟ್ಟ ಸಾಸಿವೆ, ಮನೆ ಮುಂದೆ ಕೈಪಂಪು ಅಂತ ಹೇಳಿದೆ. ಸಾವಿರ ಅಡಿ ಕೊರೆಸಿ ಧೂಳು ನೋಡಿದ ನಮ್ಮೂರ ಹಿರಿಯರೊಬ್ಬರು ಕೈಪಂಪಿನ ಮಾತನ್ನೇ ಎರಡು ಸಲ ಹೇಳಿಸಿಕೊಂಡರು. ಫೋನಿನ ಸ್ಟೇಟಸ್‌ನಲ್ಲಿ ಫೋಟೋ ಎಲ್ಲರೂ ನೋಡಿದ್ರು. ಆದ್ರೆ ಇಂಥ ಮಾತು ಸ್ಟೇಟಸ್‌ನಲ್ಲಿ ಆಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ಬಂದೋರಲ್ಲಿ ಅರ್ಧ ಜನ ಹೋಗ್ತಾ ಕೇಳಿದ್ದು ಒಂದೇ ಮಾತು, "ಸಮಾರಾಧನೆ ಯಾವತ್ತು?" ನಮ್ಮ ಕಡೆ ಇದು ಮದುವೆ ಊಟದ ಮಟ್ಟಕ್ಕೆ ಬೆಳೆದಿದೆ. ಶಾಮಿಯಾನ, ಅಡುಗೆ ಭಟ್ಟರು, ಮುನ್ನೂರು ನಾನೂರು ಎಲೆ. ಲೆಕ್ಕ ಹಾಕಿದ್ರೆ ಯಾತ್ರೆಗಿಂತ ಊಟದ ಖರ್ಚೇ ಜಾಸ್ತಿ. ನಮ್ಮ ಹೋಬಳಿಯಲ್ಲೇ ಒಬ್ಬ ದಂಪತಿ ಇದ್ದಾರೆ. ರೈಲಿನ ದುಡ್ಡು ಕೂಡಿಟ್ಟು ಮೂರು ವರ್ಷ ಆಯ್ತು. ಬಂದ್ಮೇಲೆ ಊಟ ಹಾಕೋಕೆ ಇಲ್ಲ ಅಂತ ಹೋಗೋದು ಮುಂದೂಡ್ತಾನೇ ಬಂದ್ರು. ಈಗ ಆ ತಾಯಿಗೆ ಮಂಡಿ ಹಿಡಿದಿದೆ, ಬಸ್ಸಿನ ಮೆಟ್ಟಿಲು ಹತ್ತೋದೇ ಕಷ್ಟ. ಇದಕ್ಕೆ ಏನನ್ನೋಣ?

"ಸಮಾರಾಧನೆ ಮಾಡದಿದ್ರೆ ಯಾತ್ರೆ ಪೂರ್ತಿ ಆಗಲ್ಲ" ಅಂತಾರೆ ಹಿರೀಕರು. ಒಪ್ಪೋಣ. ಗಂಗೆ ಪೂಜೆ ಮಾಡೋಣ, ಮನೆ ಮಂದಿ ಜೊತೆ ಒಂದು ಪಂಕ್ತಿ ಊಟ ಹಾಕೋಣ. ಪೂರ್ತಿ ಆಗೋಕೆ ನಾನೂರು ಎಲೆ ಬೇಕು ಅನ್ನೋದು ನಾವು ಮಾಡ್ಕೊಂಡಿರೋದು. "ಅವರ ಮನೇಲಿ ಉಂಡು ಬಂದಿದ್ದೀವಿ, ನಾವೂ ಹಾಕ್ಬೇಕಲ್ಲ" ಅನ್ನೋ ಮುಯ್ಯಿ ಮಾತೂ ಇದೆ. ಹಾಗಾದ್ರೆ ಯಾರಾದ್ರೂ ಒಬ್ರು ಮೊದಲು ನಿಲ್ಲಿಸ್ಬೇಕು. ನಾವು ನಿಲ್ಲಿಸಿದ್ದೀವಿ. ಇನ್ನೊಂದು ಮಾತು, ಅಂಥ ದೊಡ್ಡ ಊಟದ ದಿನ ಯಾತ್ರೆ ಮಾಡಿದೋರ ಹತ್ರ ಯಾರೂ ಕೂರಲ್ಲ. ಅವರು ಎಲೆ ಎಣಿಸ್ತಾ ಓಡಾಡ್ತಿರ್ತಾರೆ, ನಾವು ಉಂಡು ಕೈ ತೊಳೆದು ಬಸ್ಸಿಗೆ ಓಡ್ತೀವಿ.

ಶಿರಾದಲ್ಲಿ ನನ್ನ ಜೊತೆ ಎಸ್ಸೆಸ್ಸೆಲ್ಸಿ ಓದಿದ ಮುಸ್ಲಿಂ ಸ್ನೇಹಿತ ಒಬ್ಬ ಹಜ್ ಮುಗಿಸಿ ನಲವತ್ತು ದಿನಕ್ಕೆ ಬಂದಾಗ ನೋಡೋಕೆ ಹೋಗಿದ್ದೆ. 5 ಲೀಟರ್ ಕ್ಯಾನಿನ ಜಮ್‌ಜಮ್ ನೀರನ್ನ ಪುಟ್ಟ ಲೋಟದಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟ, ಜೊತೆಗೆ ಒಂದೊಂದು ಖರ್ಜೂರ. ಎರಡು ಗಂಟೆ ಕೂತು ಮಾತಾಡಿದ್ವಿ. ಮೊನ್ನೆ ನಮ್ಮನೆಗೆ ಅವನೂ ಬಂದ. ಟೀ ಕುಡಿದು, ಗಂಗೆ ಎಷ್ಟು ಅಗಲ ಇದೆ ಅಂತ ಕೇಳಿದ. ಇಷ್ಟು ಸಾಕು ಅಲ್ವಾ?

ಆದ್ದರಿಂದ ನನ್ನ ಕೋರಿಕೆ ಎರಡೇ. ಯಾತ್ರೆಗೆ ಹೋಗೋರು ಊಟದ ಹೆದರಿಕೆಗೆ ನಿಲ್ಲಬೇಡಿ, ಕೈಕಾಲು ಗಟ್ಟಿ ಇರುವಾಗಲೇ ಹೋಗಿ. ಊರಲ್ಲಿರೋರು "ಊಟ ಯಾವತ್ತು" ಅಂತ ಕೇಳಬೇಡಿ, "ನಾಳೆ ಸಂಜೆ ಬರ್ತೀವಿ" ಅನ್ನಿ. ಮೇವಿಗೆ ಊರೂರು ತಿರುಗಿ ತಿಂಗಳುಗಟ್ಲೆ ಆದ್ಮೇಲೆ ಬರೋ ನಮ್ಮ ಕುರಿ ಕಾಯೋರ ಮನೆಗೂ ಹೀಗೇ ಹೋಗಿ. ಅವರು ಸುತ್ತಿದ ದೂರವೂ ದೂರವೇ.

ನಮ್ಮನೇಲಿ ಕಾಶಿ ದಾರ ಇನ್ನೂ ಇಪ್ಪತ್ತು ಮೂವತ್ತು ಉಳಿದಿವೆ. ಸಂಜೆ ಹಾಲು ಹಾಕಿ ಬಂದ್ಮೇಲೆ ನಾವು ಮನೇಲೇ ಇರ್ತೀವಿ. ಬನ್ನಿ. ಮುದ್ದೆ, ಅವರೆಕಾಳು ಸಾರು ಇರುತ್ತೆ. ಪಡವಲಕಾಯಿ ಮಾತ್ರ ಇರಲ್ಲ.